ಮುರ್ಲಕ್ಕೆ ಗಾಳ: ಕಲಘಟಗಿ ಸೀಮೆಯ ಕೆರೆ ದಂಡೆಯಲ್ಲಿ ಕಲಿಯುವ ಬಗೆ

ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಬೆಳೆದರೂ, ಗಾಳಿ ಸಿಗದಿದ್ದರೆ ಮುರ್ಲ ಮೀನು ನೀರಿನೊಳಗೇ ಉಸಿರುಗಟ್ಟಿ ಸಾಯುತ್ತದೆ. ಕಿವಿರುಗಳ ಮೇಲ್ಭಾಗದಲ್ಲಿ, ತಲೆಯ ಒಳಗೆ, ಗಾಳಿ ತುಂಬಿಕೊಳ್ಳುವ ಗೂಡೊಂದು ಇದಕ್ಕಿದೆ. ಕೆಲವು ನಿಮಿಷಗಳಿಗೊಮ್ಮೆ ಮೇಲೆದ್ದು, ಒಂದು ಗುಟುಕು ಗಾಳಿ ನುಂಗಿ, ಮತ್ತೆ ಕೆಳಗಿಳಿಯಲೇಬೇಕು. ಎಷ್ಟೇ ಹುಷಾರಿನ ಮೀನಾದರೂ ಈ ಒಂದು ಕೆಲಸವನ್ನು ಬಚ್ಚಿಡಲಾರದು. ಆ ಗುಟುಕಿಗೆ ನೀರಿನ ಮೇಲೇಳುವ ಉಂಗುರವನ್ನು ಗುರುತಿಸುವುದು ಗಾಳ ಹಾಕುವವರ ಮೊದಲ ಪಾಠ. ಈ ಪಾಠವನ್ನು ಪುಸ್ತಕದಿಂದಾಗಲಿ ಮೊಬೈಲಿನ ವಿಡಿಯೊದಿಂದಾಗಲಿ ಕಲಿಯುವುದು ಕಷ್ಟ. ಆ ಕೆರೆಯನ್ನು ಬಲ್ಲ ಒಬ್ಬರು ಪಕ್ಕದಲ್ಲಿ ಕೂತು, ಬೆರಳು ತೋರಿಸಿ, "ಅಕಾ ಅಲ್ಲಿ ಎದ್ದೈತಿ ನೋಡು" ಎನ್ನಬೇಕು.

ಧಾರವಾಡ ಜಿಲ್ಲೆಯ ಕೆರೆಗಳಲ್ಲಿ ಬೇಟೆಯಾಡಿ ಬದುಕುವ ಮೀನುಗಳ ಪೈಕಿ ಗಾಳದವರ ಬಾಯಲ್ಲಿ ಸದಾ ಇರುವುದು ಇದೇ. ಊರೂರಿಗೆ ಹೆಸರು ಬದಲಾಗುತ್ತದೆ: ಮುರ್ಲ, ಮರಲ, ಕೊರವ, ಕುಚ್ಚು. ಬೆಂಗಳೂರಿನ ಮಾರುಕಟ್ಟೆಯಲ್ಲಿ ಮುರೆಲ್, ತೆಲಂಗಾಣದಲ್ಲಿ ಕೊರ್ರಮೀನು. ಅಲ್ಲಿ ಅದು ರಾಜ್ಯದ ಮೀನೂ ಹೌದು. ಹಾವಿನಂಥ ಚಪ್ಪಟೆ ತಲೆ, ಉದ್ದನೆಯ ಉರುಳೆ ಮೈ, ಬೆನ್ನಿನುದ್ದಕ್ಕೂ ಒಂದೇ ರೆಕ್ಕೆ. ಕೆರೆಗಳಲ್ಲಿ ಹೆಚ್ಚಾಗಿ ಸಿಗುವುದು ಪಟ್ಟೆ ಮುರ್ಲ, ಶಾಸ್ತ್ರದ ಹೆಸರಿನಲ್ಲಿ ಚನ್ನಾ ಸ್ಟ್ರಿಯಾಟಾ. ಅದಕ್ಕಿಂತ ದೊಡ್ಡದಾಗಿ ಬೆಳೆಯುವುದು ಹೂಮುರ್ಲ, ಚನ್ನಾ ಮಾರುಲಿಯಸ್. ಬಾಲದ ಬುಡದಲ್ಲಿ ಕಿತ್ತಳೆ ಅಂಚಿನ ಕಪ್ಪು ಕಣ್ಣಿನಂಥ ಬೊಟ್ಟು ಇದ್ದರೆ ಅದು ಹೂಮುರ್ಲ. ಒಂದು ಮೀಟರನ್ನೂ ಮೀರಿ ಬೆಳೆಯಬಲ್ಲ ಈ ಮೀನಿಗೆ ಆಳವಾದ, ಸ್ವಚ್ಛ ನೀರು ಬೇಕು. ಪಟ್ಟೆ ಮುರ್ಲಕ್ಕೆ ಮೊಣಕಾಲುದ್ದದ ರಾಡಿ ನೀರೂ ಸಾಕು. ಕೆರೆ ಬತ್ತಿದರೆ ಕೆಸರಿನೊಳಗೆ ಹುದುಗಿ ಮಳೆಗೆ ಕಾಯುತ್ತದೆ, ಮಳೆಯ ರಾತ್ರಿ ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಹೊಂಡ ಸೇರುವುದೂ ಉಂಟು.

ಉತ್ತರ ಅಮೆರಿಕದ ಸರೋವರಗಳಲ್ಲಿ ಮಸ್ಕಿ ಎಂಬ ದೊಡ್ಡ ಬೇಟೆಮೀನಿದೆ. ಹತ್ತು ಸಾವಿರ ಎಸೆತಕ್ಕೆ ಒಂದು ಸಿಕ್ಕರೆ ಪುಣ್ಯ ಎಂಬ ಮಾತು ಆ ಮೀನಿಗೇ ಅಂಟಿಕೊಂಡಿದೆ. ಒಬ್ಬಂಟಿಯಾಗಿ ಕಲಿಯಹೊರಟವರು ವರ್ಷಗಟ್ಟಲೆ ಬರಿಗೈಯಲ್ಲಿ ಮರಳುವ ಮೀನದು. ಅದಕ್ಕೇ ಅಲ್ಲಿನ ಗಾಳಗಾರರು 1966ರಲ್ಲಿ ಮಿನ್ನೆಸೋಟಾದಲ್ಲಿ 'ಮಸ್ಕೀಸ್ ಇಂಕ್' ಎಂಬ ಸಂಘ ಕಟ್ಟಿಕೊಂಡರು. ಹಿಡಿದ ಮೀನನ್ನು ಜೀವಂತ ಬಿಡುವ ರೂಢಿಯನ್ನು ಮಸ್ಕಿ ಹಿಡಿಯುವವರಲ್ಲಿ ಬೆಳೆಸಿದ್ದರಲ್ಲಿ ಆ ಸಂಘದ ಪಾಲು ದೊಡ್ಡದು. ನಮ್ಮ ಮುರ್ಲ ಅಷ್ಟು ದುರ್ಲಭವಲ್ಲ, ಆದರೂ ಸ್ವಭಾವ ಅದೇ. ಗಿಡಗಂಟಿಯ ಮರೆಯಲ್ಲಿ ಅಲುಗಾಡದೆ ಕಾಯುತ್ತದೆ, ಒಂದೇ ನೆಗೆತಕ್ಕೆ ಬೇಟೆ ಮುಗಿಸುತ್ತದೆ, ದಂಡೆಯ ಮೇಲೆ ಹೆಜ್ಜೆ ಸಪ್ಪಳವಾದರೆ ಅರ್ಧ ಗಂಟೆ ಮುಖ ತೋರಿಸುವುದಿಲ್ಲ.

ಯಾವ ನೀರು, ಯಾರ ನೀರು

ಧಾರವಾಡ ಜಿಲ್ಲೆ ನೀರಿನ ಲೆಕ್ಕದಲ್ಲಿ ಎರಡು ಹೋಳು. ಪಶ್ಚಿಮದ ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಬಿದ್ದ ಮಳೆ ಬೇಡ್ತಿ ಹೊಳೆ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಕುಂದಗೋಳ, ನವಲಗುಂದ, ಅಣ್ಣಿಗೇರಿ ಎರೆ ಭೂಮಿ. ಅಲ್ಲಿನ ನೀರು ಬೆಣ್ಣೆಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಗಾಳ ಹಿಡಿದವರಿಗೆ ಈ ಭೂಗೋಳ ಬಹಳ ಮುಖ್ಯ. ಕಲಘಟಗಿ ತಾಲ್ಲೂಕಿನಲ್ಲಿ ಗದ್ದೆಗಳಿಗೆ ನೀರುಣಿಸಲು ಕಟ್ಟಿದ ಹಳೆಯ ಕೆರೆಗಳು ಸಾಲುಸಾಲಾಗಿವೆ. ತಂಬೂರು, ದೇವಿಕೊಪ್ಪದ ಕಡೆ ಕಾಡಿನಂಚಿನ ಕೆರೆಗಳ ಅಂಚಿನಲ್ಲಿ ಜೊಂಡು, ತಾವರೆ, ನೀರಿನೊಳಗಿನ ಪಾಚಿ, ಮುಳುಗಿದ ಮರದ ಬೊಡ್ಡೆ ಎಲ್ಲವೂ ಕಾಣಸಿಗುತ್ತವೆ. ಮುರ್ಲಕ್ಕೆ ಇದಕ್ಕಿಂತ ಒಳ್ಳೆಯ ಮನೆ ಸಿಗದು. ಕಲಿಯುವವರು ಕಲಘಟಗಿಯ ಸಣ್ಣ ಕೆರೆಯೊಂದರಿಂದ ಆರಂಭಿಸುವುದೇ ಜಾಣತನ.

ನವಲಗುಂದ, ಅಣ್ಣಿಗೇರಿಗಳ ಕಥೆ ಬೇರೆ. ಎರೆ ಭೂಮಿಯಲ್ಲಿ ಕೊಳವೆಬಾವಿಯ ನೀರು ಬಹಳ ಕಡೆ ಸವಳು. ಹೀಗಾಗಿ ಊರ ಕೆರೆಯೆಂದರೆ ಕುಡಿಯುವ ನೀರು. ಮಲಪ್ರಭಾ ಕಾಲುವೆಯಿಂದ ತುಂಬಿಸಿಕೊಂಡ ಕೆರೆಯ ನೀರನ್ನೇ ಹಳ್ಳಿಗಳು ತಿಂಗಳುಗಟ್ಟಲೆ ಕುಡಿಯುತ್ತವೆ. ನವಲಗುಂದದ ನೀಲಮ್ಮನ ಕೆರೆಯಂಥ ಕೆರೆಗಳನ್ನು ಊರವರು ಕಣ್ಣಿನಲ್ಲಿ ಕಣ್ಣಿಟ್ಟು ಕಾಯುವುದು ಇದೇ ಕಾರಣಕ್ಕೆ. ಇಂಥ ಕೆರೆಗಳಲ್ಲಿ ಗಾಳ ಹಾಕುವ ಮಾತೇ ಬೇಡ. ಹುಬ್ಬಳ್ಳಿಗೆ ನೀರು ಕೊಡಲೆಂದು 1955ರಲ್ಲಿ ಬೇಡ್ತಿಗೆ ಅಡ್ಡಲಾಗಿ ಕಟ್ಟಿದ, ಕಲಘಟಗಿ ತಾಲ್ಲೂಕಿನ ನೀರಸಾಗರಕ್ಕೂ ಇದೇ ಮಾತು; ಅಪ್ಪಣೆ ಇಲ್ಲದೆ ದಂಡೆಗೆ ಇಳಿಯಬಾರದು. ಪೂರ್ವದ ತಾಲ್ಲೂಕುಗಳಲ್ಲಿ ಗಾಳಕ್ಕೆ ಉಳಿಯುವುದು ಬೆಣ್ಣೆಹಳ್ಳ, ತುಪ್ಪರಿಹಳ್ಳಗಳ ಮಡುಗಳು. ಮಳೆಗಾಲ ಮುಗಿದು ಹರಿವು ನಿಂತ ಮೇಲೆ ಹಳ್ಳದ ತಿರುವುಗಳಲ್ಲಿ ನೀರು ನಿಂತಿರುತ್ತದೆ. ನೆರೆಯಲ್ಲಿ ಕೆರೆಗಳ ಕೋಡಿ ದಾಟಿ ಬಂದ ಮೀನುಗಳೆಲ್ಲ ಅಲ್ಲಿ ಸಿಕ್ಕಿಕೊಂಡಿರುತ್ತವೆ.

ಆದರೆ ಬೆಣ್ಣೆಹಳ್ಳವನ್ನು ನಂಬುವಂತಿಲ್ಲ. ಮೇಲ್ಭಾಗದಲ್ಲಿ ಶಿಗ್ಗಾವಿಯ ಕಡೆ ಜೋರು ಮಳೆಯಾದರೆ, ಕುಂದಗೋಳ-ನವಲಗುಂದದ ನೆತ್ತಿಯ ಮೇಲೆ ಬಿಸಿಲಿದ್ದಾಗಲೇ ಹಳ್ಳ ತುಂಬಿ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳ ಎರಡೂ ಉಕ್ಕಿ ಹೊಲ, ರಸ್ತೆ, ಮನೆಗಳನ್ನು ಮುಳುಗಿಸಿದ್ದು ಆ ಭಾಗದವರಿಗೆ ಇನ್ನೂ ಹಸಿಯಾಗಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಳ್ಳದ ಪಾತ್ರಕ್ಕೆ ಇಳಿದು ಗಾಳ ಹಾಕಬಾರದು. ಇದರಲ್ಲಿ ರಿಯಾಯಿತಿಯೇ ಇಲ್ಲ. ಕೃಷಿಹೊಂಡಗಳ ಬಗ್ಗೆಯೂ ಇಷ್ಟೇ ಕಟ್ಟುನಿಟ್ಟು ಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರಿನಲ್ಲಿ ಜಾರಿದರೆ, ಈಜು ಬಂದವರಿಗೂ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ.

ಇನ್ನು ನೀರಿನ ಒಡೆತನ. ಕರ್ನಾಟಕದಲ್ಲಿ ಕೆರೆಯ ಮೀನು ಯಾರೋ ಒಬ್ಬರ ಹಕ್ಕಾಗಿರುತ್ತದೆ. ಸಣ್ಣ ಕೆರೆಗಳನ್ನು ಗ್ರಾಮ ಪಂಚಾಯಿತಿ ಹರಾಜು ಹಾಕುತ್ತದೆ, ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಮೀನುಗಾರರ ಸಹಕಾರ ಸಂಘಗಳಿಗೋ ಟೆಂಡರ್ ಹಿಡಿದವರಿಗೋ ಗುತ್ತಿಗೆ ಕೊಡುತ್ತದೆ. ಗುತ್ತಿಗೆದಾರರು ಕಟ್ಲಾ, ರೋಹು, ಮೃಗಾಲದ ಮರಿ ಬಿಟ್ಟು, ಕಾವಲಿಟ್ಟು ಬೆಳೆಸಿರುತ್ತಾರೆ. ಕೋಲು ಹಿಡಿದು ಸುಮ್ಮನೆ ಹೋಗಿ ಕೂತರೆ ಅದು ಕಳ್ಳತನವೇ. ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ: ಪರವಾನಗಿ ಇಲ್ಲದ ಮೀನುಗಾರಿಕೆಗೆ ತಡೆ, ಸಿಡಿಮದ್ದಿಗೂ ವಿಷಕ್ಕೂ ಸಂಪೂರ್ಣ ನಿಷೇಧ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಯಾವ ಕೆರೆ ಯಾರ ಗುತ್ತಿಗೆಯಲ್ಲಿದೆ ಎಂಬುದು ತಿಳಿಯುತ್ತದೆ.

ಇಲ್ಲಿ ಹೊಸಬರಿಗೆ ಒಂದು ಅನುಕೂಲವಿದೆ. ಬಿಟ್ಟ ಮರಿಗಳನ್ನು ನುಂಗುವ ಮುರ್ಲವನ್ನು ಕಂಡರೆ ಗುತ್ತಿಗೆದಾರರಿಗೆ ಆಗುವುದಿಲ್ಲ. ಜೊಂಡಿನೊಳಗೆ ಅವರ ಬಲೆ ಓಡುವುದಿಲ್ಲ, ಗಾಳ ಮಾತ್ರ ಹೋಗಬಲ್ಲದು. "ಅಣ್ಣಾರ, ಕಟ್ಲಾ ಮುಟ್ಟೂದಿಲ್ಲ, ಮುರ್ಲಕ್ಕಷ್ಟ ಗಾಳ ಹಾಕ್ತೇವ್ರಿ" ಎಂದು ಮರ್ಯಾದೆಯಿಂದ ಕೇಳಿದರೆ ಒಪ್ಪುವವರೇ ಹೆಚ್ಚು. ಒಪ್ಪಿಗೆ ಸಿಕ್ಕ ಮೇಲೂ ಊರಿನ ನಡಾವಳಿ ಗಮನಿಸಬೇಕು. ಈ ಭಾಗದ ಎಷ್ಟೋ ಊರುಗಳಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳು ಮೀನು-ಮಾಂಸ ಮುಟ್ಟದವು. ಕೆರೆಯ ಪಕ್ಕದಲ್ಲೇ ಗುಡಿ ಇರುತ್ತದೆ. ನೀರು ತರುವ ಮೆಟ್ಟಿಲ ಮೇಲೆ ಮೀನು ಕೊಯ್ಯುವುದು, ಸೋಮವಾರ ಗುಡಿಯ ಮಗ್ಗುಲಲ್ಲಿ ಗಾಳ ಹಾಕಿ ಕೂಡುವುದು, ಹುಳದ ಡಬ್ಬಿ ಬಿಟ್ಟು ಬರುವುದು ಇಂಥವುಗಳಿಂದ ಒಬ್ಬರು ಕೆಡಿಸಿದ ಹೆಸರು ಹತ್ತು ಜನಕ್ಕೆ ಕೆರೆಯ ಬಾಗಿಲು ಮುಚ್ಚುತ್ತದೆ.

ಕೋಲು, ದಾರ, ಕಪ್ಪೆ

ದಂಡೆಯ ಮೇಲೆ ಈಗ ಎರಡು ತಲೆಮಾರಿನ ಗಾಳಗಾರರು ಅಕ್ಕಪಕ್ಕ ನಿಲ್ಲುತ್ತಾರೆ. ಒಬ್ಬರ ಕೈಯಲ್ಲಿ ಬಿದಿರ ಕೋಲು, ಇನ್ನೊಬ್ಬರ ಕೈಯಲ್ಲಿ ರೀಲು ಕೂಡಿಸಿದ ರಾಡು. ಬಿದಿರ ಕೋಲನ್ನು ಹಗುರವಾಗಿ ಕಾಣಬಾರದು. ಹತ್ತು-ಹನ್ನೆರಡು ಅಡಿಯ, ತುದಿ ಬಳುಕುವ ಕೋಲು, ಅದರಷ್ಟೇ ಉದ್ದದ ದಪ್ಪ ತಂಗೂಸಿ, ದೊಡ್ಡ ಗಾಳ. ಇಷ್ಟರಿಂದಲೇ ತಾವರೆ ಎಲೆಗಳ ನಡುವಿನ ತಟ್ಟೆಯಗಲದ ತೂತಿಗೆ ಎರೆ ಇಳಿಸಿ ಕುಣಿಸಬಹುದು. ಈ ಕೆಲಸದಲ್ಲಿ ಬಿದಿರಿಗಿರುವ ನಿಖರತೆ ದುಬಾರಿ ರಾಡಿಗೂ ಇಲ್ಲ. ಅಂಬಿಗೇರ, ಬಾರಕೇರ ಮನೆತನಗಳ ಹಿರಿಯರು ಕೋಲನ್ನು ಒಂದು ಸುತ್ತೂ ಬೀಸದೆ, ಮಣಿಕಟ್ಟಿನ ಅಲುಗಾಟದಲ್ಲೇ ಎರೆಯನ್ನು ಬೇಕಾದಲ್ಲಿಗೆ ಮುಟ್ಟಿಸುವುದನ್ನು ನೋಡುತ್ತ ನಿಲ್ಲುವುದೇ ಒಂದು ಕಲಿಕೆ.

ಈ ವಿದ್ಯೆಗೆ ನಮ್ಮ ಕಡೆ ದೊಡ್ಡ ಇತಿಹಾಸವೂ ಇದೆ. ಕಲ್ಯಾಣ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವೇ ಇದೆ. ಮೂವತ್ತೈದು ಬಗೆಯ ಮೀನುಗಳು, ಅವು ಇರುವ ತಾಣ, ಯಾವುದಕ್ಕೆ ಯಾವ ಆಹಾರ ಹಾಕಿ ರೂಢಿ ಮಾಡಿಸಬೇಕು, ದಾರ-ಕೋಲು ಹೇಗಿರಬೇಕು ಎಂಬುದನ್ನೆಲ್ಲ ಅದು ವಿವರಿಸುತ್ತದೆ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಅದೇ ವಂಶದ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರ ರಾಜಧಾನಿ ಮಾಡಿಕೊಂಡದ್ದು ಅಣ್ಣಿಗೇರಿಯನ್ನು. ಗಾಳದ ಬಗ್ಗೆ ಶಾಸ್ತ್ರ ಬರೆದ ಮನೆತನ ಆಳಿದ ನೆಲದಲ್ಲಿ ಇಂದು ಗಾಳ ಹಾಕುವವರನ್ನು ಕೆಲಸವಿಲ್ಲದವರೆಂದು ನೋಡುವುದು ಬೇಸರದ ಸಂಗತಿ.

ಹೊಸದಾಗಿ ರೀಲಿನ ರಾಡು ಕೊಳ್ಳುವವರು ಮೀನಿನ ತೂಕಕ್ಕಿಂತ ಹೆಚ್ಚಾಗಿ ಜೊಂಡಿನ ಹಿಡಿತವನ್ನು ಲೆಕ್ಕಕ್ಕೆ ತಗೊಳ್ಳಬೇಕು. ಎರಡು ಕಿಲೊ ಮುರ್ಲ ಕಚ್ಚಿದೊಡನೆ ತಾವರೆ ಬೇರಿನೊಳಗೆ ನುಗ್ಗುತ್ತದೆ. ಆಗ ಮೀನಿನ ಜೊತೆ ಮೂರು-ನಾಲ್ಕು ಕಿಲೊ ಹಸಿ ಬಳ್ಳಿಯನ್ನೂ ಎಳೆಯಬೇಕಾಗುತ್ತದೆ. ಏಳು ಅಡಿಯ ಗಟ್ಟಿ ರಾಡು, ಮೂವತ್ತರಿಂದ ಐವತ್ತು ಪೌಂಡಿನ ಹೆಣೆದ ದಾರ, ಹಲ್ಲು ಸವೆಯದ ಒಳ್ಳೆಯ ರೀಲು ಸಾಕು. ಹೆಣೆದ ದಾರ ಹಿಗ್ಗುವುದಿಲ್ಲ, ಎಲೆಗಳನ್ನು ಕುಯ್ದುಕೊಂಡು ಬರುತ್ತದೆ. ಬರಿಗೈಗೆ ಸುತ್ತಿಕೊಂಡು ಎಳೆದರೆ ಬೆರಳನ್ನೂ ಕುಯ್ಯುತ್ತದೆ, ಆದ್ದರಿಂದ ಬಟ್ಟೆ ಸುತ್ತಿಕೊಳ್ಳಬೇಕು. ಉದ್ದ ಮೂಗಿನ ಇಕ್ಕಳ ಇಲ್ಲದೆ ದಂಡೆಗೆ ಹೋಗುವುದೇ ತಪ್ಪು, ಏಕೆಂದರೆ ಮುರ್ಲದ ಬಾಯಿ ತುಂಬ ಹಲ್ಲು.

ಎರೆಗೆ ಸಲ್ಲುತ್ತಾ ಬಂದದ್ದು ಜೀವಂತ ಕಪ್ಪೆ, ಸಣ್ಣ ಮೀನು, ಮಿಡತೆ, ಎರೆಹುಳ. ಕಪ್ಪೆಯನ್ನು ಬಿಡುವುದು ಒಳ್ಳೆಯದು. ಹೊಲದ ಕೀಟ ತಿನ್ನುವ ಕಪ್ಪೆಗಳು ಕಡಿಮೆಯಾಗುತ್ತಿವೆ ಎಂಬ ಕಳವಳದಿಂದಲೇ ಭಾರತ 1987ರಲ್ಲಿ ಕಪ್ಪೆಕಾಲಿನ ರಫ್ತು ನಿಲ್ಲಿಸಿತು. ಅದೂ ಅಲ್ಲದೆ ಈಗ ಪೇಟೆಯಲ್ಲಿ ಸಿಗುವ ಟೊಳ್ಳು ರಬ್ಬರ್ ಕಪ್ಪೆ ಜೀವಂತ ಕಪ್ಪೆಗಿಂತ ಕಡಿಮೆ ಕೆಲಸವನ್ನೇನೂ ಮಾಡುವುದಿಲ್ಲ. ಬೆನ್ನಿನ ಮೇಲೆ ಎರಡು ಕೊಕ್ಕೆಗಳು ಮೈಗೆ ಅಂಟಿಕೊಂಡಿರುವುದರಿಂದ ಎಲೆ, ಜೊಂಡು ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಒಳಸೇರಿ ಕೊಕ್ಕೆ ಹೊರಬರುತ್ತದೆ. ಕೊಂಡು ತಂದ ಕಪ್ಪೆಗೆ ಎರಡು ಸಣ್ಣ ರಿಪೇರಿ ಬೇಕು. ಹಿಂಗಾಲಿನ ರಬ್ಬರ್ ಎಳೆಗಳು ಉದ್ದವಾಗಿದ್ದರೆ ಮೀನು ಅವನ್ನೇ ಕಚ್ಚಿ ಹೋಗುತ್ತದೆ, ಅರ್ಧಕ್ಕೆ ಕತ್ತರಿಸಬೇಕು. ಕೊಕ್ಕೆಯ ಮೊನೆಗಳನ್ನು ಬೆನ್ನಿನಿಂದ ಕೂದಲೆಳೆಯಷ್ಟು ಮೇಲಕ್ಕೆ ಎತ್ತಿ, ಅರದಿಂದ ಚೂಪು ಮಾಡಿಕೊಳ್ಳಬೇಕು. ಪ್ರತಿ ನಾಲ್ಕಾರು ಎಸೆತಕ್ಕೊಮ್ಮೆ ಕಪ್ಪೆಯನ್ನು ಹಿಂಡಿ ಒಳಗೆ ಸೇರಿದ ನೀರು ತೆಗೆಯಬೇಕು. ಇಲ್ಲದಿದ್ದರೆ ಅದು ಮುಳುಗುತ್ತ ಬರುತ್ತದೆ, ಮುರ್ಲ ತಿರುಗಿಯೂ ನೋಡುವುದಿಲ್ಲ.

ಉಂಗುರ ಓದುವುದು

ಹೊಸಬರು ಕೆರೆಗೆ ಬಂದವರೇ ಎಸೆಯಲು ಶುರು ಮಾಡುತ್ತಾರೆ. ಅನುಭವಿಗಳು ಕೂಡುತ್ತಾರೆ. ನಸುಕಿನಲ್ಲಿ ಬಂದು, ಏರಿಯ ಮೇಲೆ ಸೂರ್ಯನಿಗೆ ಮುಖ ಮಾಡಿ ಕುಳಿತು, ತಮ್ಮ ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಂಡು, ಕಾಲು ಗಂಟೆ ಸುಮ್ಮನೆ ನೋಡುತ್ತಾರೆ. ನೀರಿನ ಮೇಲೆ ಏಳುವ ಉಂಗುರಗಳೆಲ್ಲ ಮುರ್ಲದವಲ್ಲ. ಜಿಲೇಬಿ ಮೀನಿನ ಉಂಗುರ ಸಣ್ಣದು, ಗುಂಪುಗುಂಪಾಗಿ ಏಳುತ್ತದೆ. 1952ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದ ಈ ಜಿಲೇಬಿ, ಅಂದರೆ ತಿಲಾಪಿಯಾ, ಈಗ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡಿದೆ. ಕಟ್ಲಾ ಎದ್ದರೆ ನೀರು ಅಗಲವಾಗಿ ಕಲಕುತ್ತದೆ. ಮುರ್ಲದ ಗುಟುಕು ಒಂಟಿ. 'ಗ್ಲುಕ್' ಎಂಬ ಗಟ್ಟಿ ಸದ್ದು, ಒಂದೇ ಉಂಗುರ, ಹಿಂದೆಯೇ ನಾಲ್ಕೈದು ಗುಳ್ಳೆ. ಮೀನು ದೊಡ್ಡದಾದಷ್ಟೂ ಏಳುವ ರೀತಿ ನಿಧಾನ.

ಆ ಉಂಗುರ ಕಂಡೊಡನೆ ಅದರ ನಡುವಿಗೇ ಕಪ್ಪೆ ಎಸೆಯುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಮೀನು ಬೆದರುತ್ತದೆ. ಪಕ್ಕದಲ್ಲಿ ಹಿರಿಯರಿದ್ದರೆ ಕೈ ಹಿಡಿದು ನಿಲ್ಲಿಸುತ್ತಾರೆ: "ತಡಿ ತಮ್ಮಾ, ಅದರ ತಲಿ ಮ್ಯಾಲ ಒಗೀಬ್ಯಾಡ. ಆಚಿ ಕಡಿ ಒಗದು ಮೆತ್ತಗ ಅದರ ಮುಂದ ಹಾಯಿಸು." ಮೀನು ಹೊರಟ ದಿಕ್ಕನ್ನು ಗುಳ್ಳೆಗಳ ಸಾಲು ಹೇಳುತ್ತದೆ. ಆ ದಿಕ್ಕಿನಲ್ಲಿ ಎರಡು ಮಾರು ಮುಂದಕ್ಕೆ, ಎಲೆಗಳ ಮೇಲೆಯೇ ಕಪ್ಪೆ ಬೀಳಬೇಕು. ಅಲ್ಲಿಂದ ರಾಡಿನ ತುದಿಯನ್ನು ಅಲುಗಿಸುತ್ತ ಕುಪ್ಪಳಿಸಿಕೊಂಡು ತಂದು, ಎಲೆ ಮುಗಿದು ನೀರು ಬಯಲಾಗುವ ಅಂಚಿನಲ್ಲಿ ನಿಲ್ಲಿಸಬೇಕು. ಮುರ್ಲ ಹೆಚ್ಚಾಗಿ ಮೇಲೆ ಬೀಳುವುದು ಅಲ್ಲೇ, ಕಪ್ಪೆ ನಿಂತ ಆ ಕ್ಷಣದಲ್ಲಿ.

ನೀರು ಸಿಡಿಯುತ್ತದೆ, ಕಪ್ಪೆ ಮಾಯವಾಗುತ್ತದೆ. ಆಗ ಎಳೆಯಬಾರದು. ಈ ಒಂದು ಮಾತನ್ನು ಎಷ್ಟು ಜನ ಹೇಳಿದರೂ ಕೈ ಕೇಳುವುದಿಲ್ಲ, ಬೆಚ್ಚಿ ಎಳೆದುಬಿಡುತ್ತದೆ, ರಬ್ಬರ್ ಕಪ್ಪೆ ಖಾಲಿಯಾಗಿ ಕಿವಿಯ ಪಕ್ಕ ಹಾರಿಹೋಗುತ್ತದೆ. ರಾಡಿನ ತುದಿಯನ್ನು ನೀರಿನ ಕಡೆ ಬಾಗಿಸಿ, ಮನಸ್ಸಿನಲ್ಲಿ ಒಂದು-ಎರಡು ಎಣಿಸಿ, ದಾರ ಬಿಗಿಯಾದದ್ದು ಕೈಗೆ ತಿಳಿದ ಮೇಲೆ ಗಟ್ಟಿಯಾಗಿ ಸೆಳೆಯಬೇಕು. ಮುರ್ಲದ ಬಾಯಿ ಎಲುಬಿನದು, ಮೆತ್ತಗೆ ಎಳೆದರೆ ಕೊಕ್ಕೆ ನಾಟುವುದಿಲ್ಲ. ನಾಟಿದ ಮರುಗಳಿಗೆಯಲ್ಲೇ ಮೀನಿನ ತಲೆಯನ್ನು ಮೇಲೆತ್ತಿ, ಎಲೆಗಳ ಮೇಲೆ ಜಾರಿಸಿಕೊಂಡು ತರಬೇಕು. ತಲೆ ಕೆಳಗೆ ಮಾಡಲು ಬಿಟ್ಟರೆ ಬೇರಿಗೆ ಸುತ್ತಿಕೊಳ್ಳುತ್ತದೆ. ಆಗ ಸುಮ್ಮನೆ ಬಿಗಿ ಸಡಿಲಿಸಿ ಕಾಯುವುದೊಂದೇ ದಾರಿ. ಎಷ್ಟೋ ಸಲ ಮೀನು ಉಸಿರಿಗೆ ತಾನಾಗಿಯೇ ಹೊರಬರುತ್ತದೆ.

ಇಬ್ಬರು ಜೊತೆಯಾಗಿ ಹೋಗುವುದರ ಲಾಭ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ಒಬ್ಬರು ಎಸೆದರೆ ಇನ್ನೊಬ್ಬರು ಏರಿಯ ಮೇಲೆ ನಿಂತು ಉಂಗುರ ಕಾಯುತ್ತಾರೆ. ಎತ್ತರದಿಂದ ನೀರಿನ ಒಳಗಿನ ನೆರಳು ಕಾಣುತ್ತದೆ, ದಂಡೆಯಲ್ಲಿ ನಿಂತವರಿಗೆ ಬರೀ ಹೊಳಪು. ಎರೆಮಣ್ಣಿನ ದಂಡೆ ಒದ್ದೆಯಾದಾಗ ಕಾಲು ಮೊಣಕಾಲುವರೆಗೆ ಹೂತುಹೋಗುವುದುಂಟು. ಜೊಂಡಿನ ಬುಡದಲ್ಲಿ ಕೊಳಕುಮಂಡಲ ಮಲಗಿರುವುದುಂಟು. ಒಬ್ಬರೇ ಹೋಗುವ ವಿದ್ಯೆ ಇದಲ್ಲ.

ಹೊತ್ತು-ಹಂಗಾಮು ಹೇಳುವುದಾದರೆ, ಸೀಗಿ ಹುಣ್ಣಿಮೆಯಿಂದ ದೀಪಾವಳಿಯವರೆಗೆ ನೀರು ತಿಳಿಯಾಗುತ್ತ ಬರುತ್ತದೆ. ಚಳಿ ಹಿಡಿದರೆ ಮುರ್ಲ ಜಡವಾಗುತ್ತದೆ, ಬಿಸಿಲೇರಿದ ಮೇಲಷ್ಟೇ ಅಲುಗಾಡುತ್ತದೆ. ಶಿವರಾತ್ರಿ ಕಳೆದು, ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಜನ ಸೇರುವ ಹೋಳಿಯ ಹೊತ್ತಿಗೆ ಸೆಕೆ ಏರಿರುತ್ತದೆ, ಕೆರೆಯ ನೀರು ಇಳಿದಿರುತ್ತದೆ, ಮೀನು ಹಸಿದಿರುತ್ತದೆ. ಅಲ್ಲಿಂದ ಮೇ ತಿಂಗಳ ಕೊನೆಯವರೆಗೆ ಕಲಿಯುವವರಿಗೆ ಸುಗ್ಗಿ. ನಸುಕಿನ ಎರಡು ತಾಸು, ಸಂಜೆಯ ಎರಡು ತಾಸು, ಅಷ್ಟೇ.

ಕೆಂಪು ಮರಿಗಳ ಗುಂಪು ಕಂಡರೆ

ಮಿರಗದ ಮಳೆ ಬಿದ್ದ ಮೇಲೆ ಕೆರೆಯಲ್ಲಿ ಬೇರೆಯದೇ ಆಟ ಶುರುವಾಗುತ್ತದೆ. ಮುರ್ಲದ ಜೋಡಿ ಗಿಡಗಂಟಿಯ ನಡುವೆ ತಟ್ಟೆಯಾಕಾರದ ಜಾಗ ಬಿಡಿಸಿಕೊಂಡು ಮೊಟ್ಟೆ ಇಡುತ್ತದೆ. ಹೊನ್ನಿನ ಬಣ್ಣದ ಮೊಟ್ಟೆಗಳು ನೀರಿನ ಮೇಲೆ ತೇಲುತ್ತವೆ, ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಪಟ್ಟೆ ಮುರ್ಲದ ಮರಿಗಳು ಕೆಂಪು-ಕಿತ್ತಳೆ. ನೂರಾರು ಮರಿಗಳು ಒಂದೇ ಉಂಡೆಯಾಗಿ ತಿರುಗುತ್ತ, ಉಸಿರಿಗೆ ಮೇಲೆ ಬಂದಾಗ ನೀರಿನ ಮೇಲೆ ಸಣ್ಣ ಮಳೆ ಬಿದ್ದಂತೆ ಚಿಟಪಟ ಚುಕ್ಕೆಗಳೇಳುತ್ತವೆ. ಅವುಗಳ ಕೆಳಗೆ ತಾಯಿ-ತಂದೆ ಎರಡೂ ಇರುತ್ತವೆ. ಮೀನುಗಳಲ್ಲಿ ಇಷ್ಟು ಕಾಳಜಿಯಿಂದ ಮರಿ ಕಾಯುವವು ಕಡಿಮೆ. ಹತ್ತಿರ ಬಂದದ್ದು ಕಪ್ಪೆಯಾಗಲಿ, ಹಾವಾಗಲಿ, ನೀರುಕಾಗೆಯಾಗಲಿ, ಮೈಮೇಲೆ ಬೀಳುತ್ತವೆ.

ಇದನ್ನು ಬಲ್ಲ ಕೆಲವರು ಆ ಉಂಡೆಯ ನಡುವಿಗೇ ಕಪ್ಪೆ ಎಸೆಯುತ್ತಾರೆ. ಮರಿ ಕಾಯುವ ಮೀನು ಹಸಿವಿಲ್ಲದಿದ್ದರೂ ಸಿಟ್ಟಿನಿಂದ ಕಚ್ಚುತ್ತದೆ, ಎರಡನೆಯ ಎಸೆತಕ್ಕೆ ಜೋಡಿಯ ಇನ್ನೊಂದೂ ಸಿಗುತ್ತದೆ. ಕೆರೆಯ ಅತಿ ದೊಡ್ಡ ಮೀನುಗಳು ಅತಿ ಸುಲಭವಾಗಿ ಕೈಗೆ ಬರುವ ಕಾಲವದು, ಫೋಟೊಗಳಲ್ಲಿ ಮೆರೆಯುವ ಎಷ್ಟೋ ದೊಡ್ಡ ಮುರ್ಲಗಳು ಹೀಗೆ ಸಿಕ್ಕವು. ಕಾವಲು ಹೋದ ಮರಿಗಳನ್ನು ಜಿಲೇಬಿ, ಬೆಳ್ಳಕ್ಕಿಗಳು ಹೆಕ್ಕಿ ಮುಗಿಸುತ್ತವೆ. ಒಂದು ಬೆಳಗಿನಲ್ಲಿ ಆ ಕೆರೆಯ ಒಂದಿಡೀ ತಲೆಮಾರು ಹೋಯಿತು. ಇದನ್ನು ಮಾಡಲೇಬಾರದು. ಕೆಂಪು ಮರಿಗಳ ಉಂಡೆ ಕಂಡರೆ ಕೋಲು ಮಡಚಿ ಕೆರೆಯ ಇನ್ನೊಂದು ಮೂಲೆಗೆ ಹೋಗಬೇಕು. ಕಲಿಸುವವರು ಮೊದಲ ಮಳೆಗಾಲದಲ್ಲೇ ಇದನ್ನು ಕಲಿಸದಿದ್ದರೆ ಉಳಿದದ್ದೆಲ್ಲ ಕಲಿಸಿಯೂ ಪ್ರಯೋಜನವಿಲ್ಲ.

ಇದೇ ಕುಲದ ಮೀನಿಗೆ ಬೇರೆ ನೆಲದಲ್ಲಿ ಬೇರೆ ಪಾತ್ರವಿದೆ. ನಮ್ಮ ಹೂಮುರ್ಲದ ಹತ್ತಿರದ ಬಂಧುವೊಂದು 2000ದಲ್ಲಿ ಅಮೆರಿಕದ ಫ್ಲೋರಿಡಾದ ಕೊಳವೊಂದರಲ್ಲಿ ಕಾಣಿಸಿಕೊಂಡಿತು. ಯಾರೋ ತಂದು ಬಿಟ್ಟದ್ದು ಕಾಲುವೆಗಳಲ್ಲಿ ಹಬ್ಬಿತು. ಅಲ್ಲಿ ಹಿಡಿದದ್ದನ್ನು ಮತ್ತೆ ನೀರಿಗೆ ಬಿಡದೆ ಕೊಲ್ಲಿ ಎಂದು ಅಧಿಕಾರಿಗಳೇ ಗಾಳಗಾರರಿಗೆ ಹೇಳುತ್ತಾರೆ. ಇಲ್ಲಿ ಮುರ್ಲ ಈ ನೀರಿನದೇ ಮೀನು. ಜಿಲೇಬಿಯ ಸಂಖ್ಯೆಯನ್ನು ಹದ್ದುಬಸ್ತಿನಲ್ಲಿಡುವ ಬೇಟೆಗಾರ ಕೆರೆಯಲ್ಲಿ ಬೇಕೇ ಬೇಕು.

ತಿನ್ನಲು ಒಯ್ಯುವುದರಲ್ಲಿ ತಪ್ಪೇನೂ ಇಲ್ಲ. ಮುಳ್ಳು ಕಡಿಮೆ, ಮಾಂಸ ಗಟ್ಟಿ. ಮುರ್ಲದ ಸಾರಿನ ಜೊತೆ ಬಿಸಿ ಜೋಳದ ರೊಟ್ಟಿ ಉಂಡವರಿಗೆ ಬೇರೆ ಮೀನು ರುಚಿಸುವುದು ಕಷ್ಟ. ಮನೆಗೆ ಬೇಕಾದ ಒಂದೆರಡು ನಡು ಗಾತ್ರದವನ್ನು ಇಟ್ಟುಕೊಂಡು, ಮೊಳಕೈಗಿಂತ ಸಣ್ಣವನ್ನೂ ತೀರ ದೊಡ್ಡ ತಾಯಿಮೀನನ್ನೂ ಬಿಡುವುದು ಒಳ್ಳೆಯ ರೂಢಿ. ಬಿಡುವ ಮೀನನ್ನು ಒಣ ಕೈಯಲ್ಲಿ ಹಿಡಿಯಬಾರದು, ಕಾದ ಮಣ್ಣಿನ ಮೇಲೆ ಹೊರಳಿಸಬಾರದು. ಗಾಳಿ ಉಸಿರಾಡುವ ಮೀನು ಹೊರಗೂ ಬಹಳ ಹೊತ್ತು ಬದುಕುತ್ತದೆ ನಿಜ, ಆದರೆ ಮೈಮೇಲಿನ ಲೋಳೆ ಕಿತ್ತುಹೋದರೆ ಅಲ್ಲಿಂದ ಹುಣ್ಣು ಹತ್ತುತ್ತದೆ. 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತ ಹೊಕ್ಕ ಹುಣ್ಣುರೋಗ ದೇಶದ ಕೆರೆಗಳಲ್ಲಿ ಹೆಚ್ಚು ಬಲಿ ತೆಗೆದುಕೊಂಡ ಮೀನುಗಳಲ್ಲಿ ಮುರ್ಲವೂ ಒಂದು. ಮೈಮೇಲೆ ಕೆಂಪು ಹುಣ್ಣಿರುವ ಮೀನು ಸಿಕ್ಕರೆ ಅದನ್ನು ಇನ್ನೊಂದು ಕೆರೆಗೆ ಒಯ್ದು ಬಿಡಬಾರದು. ಬಲೆ, ಚೀಲ, ಬೂಟುಗಳನ್ನು ಬಿಸಿಲಿಗೆ ಒಣಗಿಸದೆ ಬೇರೆ ನೀರಿಗೆ ಇಳಿಯಬಾರದು. ಇಲಾಖೆಯವರಿಗೆ ತಿಳಿಸುವುದೂ ಗಾಳಗಾರರ ಕೆಲಸ.

ಗಾಳಗಾರರ ಒಗ್ಗಟ್ಟು ಏನು ಮಾಡಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆಯಿದೆ. ಕಾವೇರಿಯ ಮಹಶೀರ್ ಮೀನಿನ ಮೇಲಿನ ಮೋಹದಿಂದ ಸೇರಿದ ಗಾಳಗಾರರು ಬೆಂಗಳೂರಿನಲ್ಲಿ 1972ರಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಟ್ಟಿದರು. ಭೀಮೇಶ್ವರಿ, ಗಾಳಿಬೋರೆಯ ಕಡೆ ಹೊಳೆಯ ದಂಡೆಯಲ್ಲಿ ಶಿಬಿರಗಳು ನಡೆದವು. ಸಿಡಿಮದ್ದು ಹಾಕಿ ಮೀನು ಹೊಡೆಯುವುದಕ್ಕೆ ತಡೆ ಬಿತ್ತು, ಊರ ಮೀನುಗಾರರೇ ಗಾಳದವರಿಗೆ ದಾರಿ ತೋರುವ ಗುರುಗಳಾದರು. 2010ರ ದಶಕದ ಆರಂಭದಲ್ಲಿ ಆ ದಂಡೆಯ ಅಭಯಾರಣ್ಯದಲ್ಲಿ ಗಾಳಕ್ಕೆ ತೆರೆ ಬಿತ್ತು. ಆದರೆ ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ, ಹಿಡಿದ ಮೀನುಗಳ ಲೆಕ್ಕದ ಪುಸ್ತಕಗಳು ಉಳಿದವು. ಯಾವ ದಿನ, ಎಷ್ಟು ಹೊತ್ತು, ಯಾವ ಮೀನು, ಎಷ್ಟು ತೂಕ. ಸಂಶೋಧಕರು ಆ ಲೆಕ್ಕ ಕೂಡಿಸಿದಾಗ ತಿಳಿದದ್ದು, ಕಾವೇರಿಯ ಸ್ವಂತ ಮೀನಾದ ಡುಬ್ಬದ ಮಹಶೀರ್ ಕುಸಿಯುತ್ತಿದೆ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಅದರ ಜಾಗ ಹಿಡಿಯುತ್ತಿದೆ ಎಂದು. 2018ರಲ್ಲಿ ಡುಬ್ಬದ ಮಹಶೀರ್ ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅತಿ ಗಂಭೀರ ದರ್ಜೆಗೆ ಸೇರಿತು.

ಕಲಘಟಗಿಯ ಕೆರೆಗಳಿಗೆ ಇಂಥ ಪುಸ್ತಕವೊಂದು ಇದ್ದಿದ್ದರೆ ಹೂಮುರ್ಲ ಎಲ್ಲಿ ಉಳಿದಿದೆ, ಎಲ್ಲಿಂದ ಹೋಗಿದೆ ಎಂಬುದನ್ನು ಇಂದು ತೆರೆದು ನೋಡಬಹುದಿತ್ತು. ಈಗಲೂ ತಡವಾಗಿಲ್ಲ. ಜೊತೆ ಸೇರಿ ಗಾಳ ಹಾಕುವ ನಾಲ್ಕು ಜನ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡರೆ ಸಾಕು. ಕೆರೆಯ ಹೆಸರು, ತಾರೀಖು, ಎಷ್ಟು ತಾಸು ಕೂತದ್ದು, ಮೀನಿನ ಜಾತಿ, ಮೂತಿಯಿಂದ ಬಾಲದ ತುದಿಯವರೆಗಿನ ಉದ್ದ, ಬಿಟ್ಟದ್ದೋ ಒಯ್ದದ್ದೋ ಎಲ್ಲ ಬರೆಯಬೇಕು. ಬರಿಗೈಯಲ್ಲಿ ಮರಳಿದ ದಿನವನ್ನೂ ತಪ್ಪದೆ ಬರೆಯಬೇಕು, ಆ ಸೊನ್ನೆಗಳಿಲ್ಲದೆ ಲೆಕ್ಕ ಕೂಡುವುದಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್‌ನಂಥ, ಸಾಕುವುದೇ ನಿಷಿದ್ಧವಾದ ಮೀನು ಗಾಳಕ್ಕೆ ಬಂದರೆ ಅದನ್ನು ಬೇರೆ ಪುಟದಲ್ಲಿ ಗುರುತು ಮಾಡಿ, ವರ್ಷಕ್ಕೊಮ್ಮೆ ಆ ಪುಟಗಳ ನಕಲನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಕೊಡಬೇಕು.